ನಾದಿನಿಯ ರೊಟ್ಟಿಗೆ ನಾವು ಕೊಟ್ಟ ಚುಕ್ಕಿಗಳು

ಗ್ಯಾಸ್ ಸಿಲಿಂಡರ್ ಮನೆಗೆ ಬಂದರೆ ತೂಗಿ ನೋಡದೆ ಒಳಗೆ ಬಿಟ್ಟುಕೊಂಡವಳಲ್ಲ ನಾನು. ಹಾಲಿನವಳ ಎದುರಿಗೇ ಹಾಲಿನಲ್ಲಿ ಬೆರಳು ಅದ್ದಿ ನೋಡುತ್ತೇನೆ. ಬ್ಯಾಂಕಿನಿಂದ ಫೋನು ಬಂದರೆ ಬ್ಯಾಂಕಿಗೇ ಹೋಗಿ, ಮಾಡಿದ್ದು ನೀವೇನಾ ಎಂದು ಕೇಳಿ ಬರುತ್ತೇನೆ. ಮದುವೆಯಾಗಿ ಇಳಕಲ್ಲಿಗೆ ಬಂದ ಹೊಸದರಲ್ಲಿ ಸೀರೆ ಅಂಗಡಿಯವನು ಅಪ್ಪಟ ರೇಷ್ಮೆಯ ಸೆರಗು ಎಂದಾಗ, ಅದರದೊಂದು ಎಳೆ ಕಿತ್ತು ಅವನ ಮುಂದೆಯೇ ಕಡ್ಡಿ ಗೀರಿ ಸುಟ್ಟು ವಾಸನೆ ನೋಡಿದ್ದೆ. ಈ ಕಥೆಯನ್ನು ನನ್ನ ಗಂಡ ಇಪ್ಪತ್ತೈದು ವರ್ಷಗಳಿಂದ ಮನೆಗೆ ಬಂದವರಿಗೆಲ್ಲ ಹೇಳುತ್ತಾ ಬಂದಿದ್ದಾರೆ. ಎಳೆ ರೇಷ್ಮೆಯದೇ ಆಗಿತ್ತು ಎಂಬುದನ್ನು ಮಾತ್ರ ಒಮ್ಮೆಯೂ ಬಿಡುವುದಿಲ್ಲ.

ನನಗೆ ಇದರಿಂದ ನಾಚಿಕೆಯೇನೂ ಆಗುತ್ತಿರಲಿಲ್ಲ. ನಂಬಿ ಕೆಟ್ಟವರನ್ನು ನಮ್ಮ ಓಣಿಯಲ್ಲೇ ಬೇಕಾದಷ್ಟು ನೋಡಿದ್ದೇನೆ, ಸಂಶಯಪಟ್ಟು ಕೆಟ್ಟವರನ್ನು ನೋಡಿರಲಿಲ್ಲ. ನೋಡಿದ್ದು ಹೋದ ವರ್ಷ, ನನ್ನ ನಾದಿನಿಯ ರೊಟ್ಟಿಯ ವ್ಯವಹಾರದಲ್ಲಿ.

ನಾದಿನಿ, ಅಂದರೆ ನನ್ನ ಗಂಡನ ತಂಗಿ, ಒಂಬತ್ತು ವರ್ಷಗಳ ಹಿಂದೆ ಬಾದಾಮಿ ಕಡೆಯ ಹಳ್ಳಿಯಲ್ಲಿದ್ದ ಗಂಡನ ಮನೆಯನ್ನು ಬಿಟ್ಟು ಬಂದಳು. ಕಾರಣಗಳು ಹಲವು, ಅವೆಲ್ಲ ನಾನು ಹೇಳುವಂಥವಲ್ಲ. ಆಕೆಯೇ ಒಮ್ಮೆ ಹೇಳಿದ್ದೊಂದನ್ನು ಹೇಳುತ್ತೇನೆ. ಅಲ್ಲಿ ಅತ್ತೆ ದಿನಾ ಇವಳು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ತೆಳುವಾಗಿಲ್ಲವೆಂದು ತಿರುಗಿ ಬುಟ್ಟಿಗೆ ಎಸೆಯುತ್ತಿದ್ದಳಂತೆ. ಎಸೆದ ರೊಟ್ಟಿಯನ್ನೇ ಆಮೇಲೆ ಎಲ್ಲರೂ ತಿನ್ನುತ್ತಿದ್ದರಂತೆ. ಇದನ್ನು ಅವಳು ನಗುತ್ತಲೇ ಹೇಳಿದ್ದಳು, ಆದರೆ ಹೇಳಿದ್ದು ಬಂದ ಆರು ವರ್ಷಕ್ಕೆ.

ನಮ್ಮ ಹಿತ್ತಲಲ್ಲಿ ತಗಡಿನ ಚಪ್ಪರ ಹಾಕಿ, ಎರಡು ಹಂಚು ಇಟ್ಟು ಅವಳು ಖಡಕ್ ರೊಟ್ಟಿ ಮಾಡಿ ಮಾರಲು ಶುರುಮಾಡಿದಳು. ಆಮೇಲೆ ಇನ್ನಿಬ್ಬರು ಹೆಂಗಸರು ಜೊತೆಯಾದರು. ಜೋಳದ್ದು, ಎಳ್ಳು ಹಚ್ಚಿದ ಸಜ್ಜೆಯದ್ದು, ಜೊತೆಗೆ ನಂಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ. ಗಿರಾಕಿಗಳಿಗೆ ಕೊರತೆ ಇರಲಿಲ್ಲ. ಆದರೆ ಗಿರಾಕಿಗಳೆಲ್ಲ ನಮ್ಮವರೇ. ಹುನಗುಂದದಲ್ಲಿ ಮದುವೆ ಇದ್ದರೆ, ಮರೋಳದಲ್ಲಿ ಮನೆ ಶಾಂತಿ ಇದ್ದರೆ, ನಮ್ಮ ಹುಡುಗಿಗೇ ಹೇಳೋಣ, ಪಾಪ, ಅವಳಿಗೂ ಒಂದು ಆಸರೆಯಾಗುತ್ತದೆ ಎಂದು ಸೋದರತ್ತೆಯರು, ಚಿಕ್ಕಮ್ಮಂದಿರು ಹೇಳಿ ಕಳಿಸುತ್ತಿದ್ದರು. ಆ 'ಪಾಪ' ಅವಳ ಕಿವಿಗೂ ಬೀಳುತ್ತಿತ್ತು. ಒಂದು ಮಧ್ಯಾಹ್ನ ಹಂಚಿನ ಮುಂದೆ ಕೂತು ಹಿಟ್ಟು ನಾದುತ್ತಾ ನನಗೆ ಹೇಳಿದಳು.

"ಗುರ್ತ ಇಲ್ಲದವರು ತಗೋಬೇಕ್ರಿ ವೈನಿ. ನಾ ಯಾರ ಮಗಳು, ಯಾಕ ತಿರುಗಿ ಬಂದೇನಿ ಅನ್ನೋದು ಗೊತ್ತಿಲ್ಲದವರು, ಬರೇ ರೊಟ್ಟಿ ನೋಡಿ ತಗೋಬೇಕು."

ಒಂದು ವರ್ಷ ನೋಡುತ್ತೇನೆ ಎಂದಳು. ಗುರುತಿಲ್ಲದವರಿಂದ ತನ್ನ ಹೊಟ್ಟೆ ಹೊರೆಯುವಷ್ಟು ಬೇಡಿಕೆ ಬಂದರೆ ಎರಡು ಕೋಣೆಯ ಮನೆ ಹಿಡಿದು ಅಲ್ಲೇ ಹಂಚು ಹೂಡುತ್ತೇನೆ, ಬರದಿದ್ದರೆ ಹಂಚು ಇಳಿಸಿ ಅಣ್ಣ ಹೇಳಿದ ಕೆಲಸಕ್ಕೆ ಹೋಗುತ್ತೇನೆ ಎಂದಳು. ಅಣ್ಣ ಹೇಳಿದ ಕೆಲಸವೆಂದರೆ ನಮ್ಮ ಪರಿಚಯದವರ ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು. ಅದೂ 'ಪಾಪ'ದಿಂದಲೇ ಹುಟ್ಟಿದ ಕೆಲಸ.

ಗುರುತಿಲ್ಲದವರು ಈಗ ಎಲ್ಲಿ ಸಿಗುತ್ತಾರೆ? ಫೋನಿನಲ್ಲಿ. ಅದು ನಮಗೂ ಗೊತ್ತಿತ್ತು. ಮನೆಯ ರೊಟ್ಟಿ ಬೇಕಾದ ಯಾರೋ ಎಲ್ಲೋ ಕೂತು ಫೋನಿನಲ್ಲಿ ಹುಡುಕಿದರೆ ನಮ್ಮ ನಾದಿನಿಯ ಹೆಸರು ಮೇಲೆ ಬರಬೇಕು. ಹಾಗೆ ಮೇಲೆ ಬರುವಂತೆ ಮಾಡಿಕೊಡುವುದೇ ಒಂದು ದಂಧೆ ಎಂಬುದು ಆಮೇಲೆ ತಿಳಿಯಿತು. ವ್ಯಾಪಾರದ ಹೆಸರನ್ನು ಫೋನಿನ ನಕ್ಷೆಯ ಮೇಲೆ ಹಾಕಿದ ಮೂರನೇ ದಿನಕ್ಕೇ ಯಾವನೋ ಫೋನು ಮಾಡಿದ. ಮೂವತ್ತು ದಿನದಲ್ಲಿ ಮೊದಲ ಸ್ಥಾನ, ಬರೆದುಕೊಡುತ್ತೇನೆ ಎಂದ. ಯಾವ ಊರವನಪ್ಪಾ ಎಂದು ಕೇಳಿದೆ. ಮೇಡಂ, ನಾವು ಇಡೀ ದೇಶಕ್ಕೆ ಸೇವೆ ಕೊಡುತ್ತೇವೆ ಎಂದ. ಇದೇ ಮಾತನ್ನು ಬೇರೆ ರೊಟ್ಟಿಯವರಿಗೂ ಹೇಳಿರುತ್ತೀಯಲ್ಲ, ಎಲ್ಲರನ್ನೂ ಮೊದಲನೇ ಜಾಗದಲ್ಲಿ ಹೇಗೆ ಕೂರಿಸುತ್ತೀ ಎಂದೆ. ಫೋನು ಇಟ್ಟುಬಿಟ್ಟ. ಆ ದಿನ ನಾನು ಮನೆಯೆಲ್ಲ ಎದೆ ಸೆಟೆಸಿ ಓಡಾಡಿದೆ.

ನಾದಿನಿ ತಾನೇ ವಿಚಾರಿಸಿ ಬಾಗಲಕೋಟೆಯಲ್ಲಿ ಒಬ್ಬನನ್ನು ಹುಡುಕಿದಳು. ನವನಗರದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲೆ ಅವನ ಕಚೇರಿ. ಮೂವತ್ತೈದರ ಆಸುಪಾಸಿನವನು, ಹಣೆಗೆ ವಿಭೂತಿ, ಮಾತು ಕಡಿಮೆ. ನಾವಿಬ್ಬರೂ ಹೋಗಿ ಕೂತೆವು. ಎಷ್ಟು ದಿನದಲ್ಲಿ ಮೊದಲನೇ ಸ್ಥಾನ ಎಂದು ಕೇಳಿದೆ. ಅವನು ಅಡ್ಡಡ್ಡ ತಲೆಯಾಡಿಸಿದ.

"ಅದನ್ನ ಯಾರೂ ಹೇಳಾಕ ಬರಂಗಿಲ್ರಿ. ಮೊದಲಿನ ಆರ್ ತಿಂಗಳು ಏನೂ ಆಗಂಗಿಲ್ಲ ಅಂತನ ತಿಳ್ಕೋರಿ. ಆಮ್ಯಾಲೂ ಗಾಡಿ ತುಂಬ ಗಿರಾಕಿ ಬರಂಗಿಲ್ಲ. ವಾರಕ್ಕ ಇಬ್ಬರು, ಮೂವರು ಕೇಳ್ಕೋತ ಬಂದ್ರ ಛಲೋ ಆತು ಅನ್ರಿ."

ಮತ್ತೆ ಏನು ಮಾಡಿಕೊಡುತ್ತೀ ಎಂದರೆ, ಹೆಚ್ಚು ಮಾಡುವವರು ನೀವೇ, ನಾನು ದಾರಿ ತೋರಿಸುತ್ತೇನೆ ಎಂದ. ರೊಟ್ಟಿ ಎಷ್ಟು ದಿನ ಇರುತ್ತದೆ, ಪಾರ್ಸಲ್ ಹಾಕಿದರೆ ಮುರಿಯುತ್ತದೆಯೇ, ಹಿಟ್ಟಿಗೆ ಬೇರೇನಾದರೂ ಬೆರೆಸುತ್ತೀರಾ ಎಂದೆಲ್ಲ ಕೊಳ್ಳುವವರು ಕೇಳುತ್ತಾರಲ್ಲ, ಅದಕ್ಕೆಲ್ಲ ನಿಮ್ಮ ಮಾತಿನಲ್ಲೇ ಖರೆ ಖರೆ ಉತ್ತರ ಬರೆಯಿರಿ. ನಿಮ್ಮದೇ ಹಂಚಿನ, ನಿಮ್ಮದೇ ಕೈಯ ಚಿತ್ರ ಹಾಕಿ. ತೆಗೆದುಕೊಂಡವರಿಗೆ ಮಾತ್ರ ನಾಲ್ಕು ಮಾತು ಬರೆಯಲು ಕೇಳಿ. ಆಮೇಲೆ ಕಾಯಿರಿ. ಇಷ್ಟೇ ಅವನ ಉಪದೇಶ.

ಬಸ್ಸಿನಲ್ಲಿ ಹಿಂದಿರುಗುವಾಗ ನಾದಿನಿಯ ಮುಖ ಅರಳಿತ್ತು. ನನ್ನದು ಗಂಟಿಕ್ಕಿತ್ತು. ಸುಳ್ಳು ಆಸೆ ಹುಟ್ಟಿಸುವವನನ್ನು ಹೇಗೆ ಹಿಡಿಯಬೇಕೆಂದು ನನಗೆ ಗೊತ್ತು. ಏನೂ ಆಸೆ ಹುಟ್ಟಿಸದೆ ತಿಂಗಳು ತಿಂಗಳು ಫೀ ತೆಗೆದುಕೊಳ್ಳುವವನನ್ನು ಎಲ್ಲಿ ಹಿಡಿಯುವುದು? ಆರು ತಿಂಗಳು ಏನೂ ಆಗುವುದಿಲ್ಲ ಎಂದ ಮೇಲೆ, ಏನೂ ಆಗದಿದ್ದರೆ ಅವನು ಹೇಳಿದ್ದೇ ನಿಜವಾಯಿತು. ನಮ್ಮ ಸೀಮೆಯಲ್ಲಿ ಬದನೆಕಾಯಿ ಮಾರುವವಳು ಕೂಡ ಬೆಣ್ಣೆಯಂಥ ಕಾಯಿ ಎಂದು ಕೂಗುತ್ತಾಳೆ. ಇವನು ತನ್ನ ಸರಕನ್ನು ತಾನೇ ಅಲ್ಲಗಳೆಯುತ್ತಾನೆಂದರೆ ಒಳಗೆ ಏನೋ ಇದೆ ಎಂದು ನನಗೆ ಖಾತ್ರಿಯಾಯಿತು. ಹುನಗುಂದ ದಾಟುವಷ್ಟರಲ್ಲಿ ನಾನು ಅವನನ್ನು ಕಳ್ಳನ ಪಟ್ಟಿಗೆ ಸೇರಿಸಿಯಾಗಿತ್ತು.

ನಾದಿನಿ ಮಾತ್ರ ಅವನು ಹೇಳಿದಂತೆಯೇ ಮಾಡಿದಳು. ಮಧ್ಯಾಹ್ನ ಹಂಚು ಆರಿದ ಮೇಲೆ ಕೂತು ಉತ್ತರ ಬರೆಯುತ್ತಿದ್ದಳು. ಮಳೆಗಾಲದಲ್ಲಿ ನಮ್ಮ ರೊಟ್ಟಿ ಬೇಗ ಮೆತ್ತಗಾಗುತ್ತದೆ, ಆಗ ಹಂಚಿನ ಮೇಲೆ ಒಂದು ಸಲ ಬಿಸಿ ಮಾಡಿಕೊಳ್ಳಬೇಕು ಎಂದು ಬರೆದಿದ್ದಳು. ಅದನ್ನು ಅಳಿಸು, ಯಾರಾದರೂ ತಮ್ಮ ಸರಕಿನ ಕೊರತೆಯನ್ನು ತಾವೇ ಊರಿಗೆ ಸಾರುತ್ತಾರೆಯೇ ಎಂದು ನಾನು ಜಗಳ ತೆಗೆದೆ. ಅಳಿಸಲಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ದಿನಾ ಬೆಳಗ್ಗೆ ಸ್ನಾನ ಪೂಜೆ ಮುಗಿಸಿ ಫೋನು ತೆಗೆದು 'ಖಡಕ್ ರೊಟ್ಟಿ' ಎಂದು ಹುಡುಕುತ್ತಿದ್ದೆ. ಎರಡೇ ವಾರಕ್ಕೆ ನಮ್ಮದೇ ಮೊದಲು ಬಂತು. ನನಗೆ ಕುಣಿಯುವಷ್ಟು ಖುಷಿಯಾಗಿ ಬಾಗಲಕೋಟೆಗೆ ಫೋನು ಹಚ್ಚಿದೆ. ಅವನು, ಅಕ್ಕಾ, ನೀವು ದಿನಾ ನಿಮ್ಮದನ್ನೇ ಹುಡುಕಿ ನಿಮ್ಮದನ್ನೇ ಒತ್ತುತ್ತೀರಿ, ನಿಮಗೆ ಬೇಕಾದದ್ದು ಇದೇ ಎಂದು ನಿಮ್ಮ ಫೋನು ಕಲಿತುಕೊಂಡಿದೆ, ಬೇರೆಯವರ ಫೋನಿನಲ್ಲಿ ನೋಡಿ ಎಂದ. ಕೆಲಸ ಆದರೂ ಆಗಿಲ್ಲ ಎನ್ನುವ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ಸಂಶಯ ಇನ್ನೊಂದು ಸುತ್ತು ಬಲಿಯಿತು.

ಬೇರೆಯವರ ಫೋನು ಎಂದನಲ್ಲ, ನೋಡಿಯೇ ಬಿಡೋಣ ಎಂದು, ಬಾದಾಮಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋದವಳು ಬನಶಂಕರಿಗೂ ಹೋದೆ. ಅಲ್ಲಿ ಹೊಂಡದ ಕಟ್ಟೆಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಗಟ್ಟಿ ಮೊಸರು ತಂದು ಬಂದವರಿಗೆ ಬಡಿಸುತ್ತಾರೆ. ಊಟಕ್ಕೆ ಕೂತಿದ್ದ ಪರ ಊರಿನ ಹೆಂಗಸೊಬ್ಬಳ ಪಕ್ಕದಲ್ಲಿ ನಾನೂ ಕೂತು, ಮಾತಿಗೆಳೆದು, ನಿಮ್ಮ ಫೋನಿನಲ್ಲಿ ಖಡಕ್ ರೊಟ್ಟಿ ಎಂದು ಹುಡುಕುತ್ತೀರಾ ಎಂದು ಕೇಳಿದೆ. ಪುಣ್ಯಾತ್ಗಿತ್ತಿ ಹುಡುಕಿದಳು. ಯಾರ್ಯಾರದೋ ಹೆಸರು ಬಂತು. ಬೆರಳಿನಿಂದ ಮೇಲೆ ಸರಿಸಿದಷ್ಟೂ ಯಾರ್ಯಾರದೋ. ನಮ್ಮದು ಎಲ್ಲಿಯೂ ಇಲ್ಲ. ನಮಗೆ ಬಡಿಸುತ್ತಿದ್ದ ಬುಟ್ಟಿಯವಳು ಎಲ್ಲ ಕೇಳಿಸಿಕೊಂಡು, ನನ್ನ ಹೆಸರು ಅದರಾಗ ಬರ್ತೈತೇನ್ರಿ ಎಂದು ಕೇಳಿ ತಾನೇ ನಕ್ಕಳು. ನನಗೆ ನಗು ಬರಲಿಲ್ಲ.

ನಾಲ್ಕನೇ ತಿಂಗಳು ಒಂದು ಸಣ್ಣ ಸಂಗತಿ ನಡೆಯಿತು. ಅದಕ್ಕೆ ಮೊದಲು ಐದಾರು ಜನ ಫೋನಿನಲ್ಲಿ ವಿಚಾರಿಸಿದ್ದರು, ಅವರಲ್ಲಿ ಒಬ್ಬಳು, ಪುಣೆ ಕಡೆಯವಳು, ತರಿಸಿಕೊಂಡಿದ್ದಳು. ಅವಳು ನಕ್ಷೆಯ ಮೇಲೆ ನಾದಿನಿಯ ವ್ಯಾಪಾರಕ್ಕೆ ಐದಕ್ಕೆ ಐದು ಚುಕ್ಕಿ, ಅಂದರೆ ಸ್ಟಾರ್, ಒತ್ತಿ ಕೆಳಗೆ ಬರೆದಿದ್ದಳು: ರೊಟ್ಟಿ ಒಂದೂ ಮುರಿಯದೆ ಬಂತು, ನನ್ನ ತಾಯಿ ಸತ್ತ ಮೇಲೆ ಇಷ್ಟು ತೆಳು ರೊಟ್ಟಿ ತಿಂದಿರಲಿಲ್ಲ, ಬಡಿದವರ ಕೈ ತಂಪಾಗಿರಲಿ.

ನಾದಿನಿ ಅದನ್ನು ಓದಿ ಫೋನು ಕೆಳಗಿಟ್ಟಳು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಮತ್ತೆ ಓದಿದಳು. ಮೆಲ್ಲಗೆ, ತೆಳು ಅಂತ ಬರದಾಳ ನೋಡ್ರಿ ಎಂದಳು. ಅಷ್ಟೇ. ಆ ವಾರವೆಲ್ಲ ಅವಳ ಹಂಚಿನ ಮುಂದೆ ಹಾಡು ಕೇಳುತ್ತಿತ್ತು. ಆಮೇಲೆ ಸೊಲ್ಲಾಪುರದವರೊಬ್ಬರು, ಬೆಂಗಳೂರಿನವರೊಬ್ಬರು ಬರೆದರು. ಒಟ್ಟು ಮೂರು. ಗುರುತಿಲ್ಲದ ಮೂವರು.

ನನ್ನ ಮಟ್ಟಿಗೆ ಐದು ತಿಂಗಳಿಗೆ ಮೂರು ಎಂದರೆ ಮೋಸವೇ. ಬಾಗಲಕೋಟೆಯವನು ಆರು ತಿಂಗಳು ಎಂದದ್ದು ಮುಗಿಯುತ್ತಾ ಬಂದಿತ್ತು. ಮುಗಿದ ಕೂಡಲೇ ಇನ್ನಾರು ತಿಂಗಳು ಎನ್ನುತ್ತಾನೆ, ನಾದಿನಿಯ ವರ್ಷ ಕಳೆದುಹೋಗುತ್ತದೆ, ಅವಳು ಹಂಚು ಇಳಿಸುತ್ತಾಳೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದೆ. ಇವನನ್ನು ನೆಚ್ಚಿಕೊಂಡರೆ ಆಗದು, ನಾನೇ ಕೈ ಹಾಕಬೇಕು. ಆಗ ಒಂದು ಆದಿತ್ಯವಾರ ಗುಡೂರಿನಲ್ಲಿ ನಮ್ಮ ಮೈದುನನ ಮಗಳ ಕುಬಸ ಬಂತು.

ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುವ ದಿನ. ಬಳಗದ ಹೆಂಗಸರೆಲ್ಲ ಬರುತ್ತಾರೆ. ನಾದಿನಿ ಬರಲಿಲ್ಲ. ಇಂಥ ಕಾರ್ಯಗಳಿಗೆ ಅವಳು ಬರುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಒಂದರ ಮೇಲೊಂದು ಜೋಡಿಸಿದ ಐದು ಪೇರು ರೊಟ್ಟಿ ಕಟ್ಟಿ ನನ್ನ ಕೈಯಲ್ಲಿ ಕಳಿಸಿದ್ದಳು. ಊಟವಾಗಿ ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಕೂತಾಗ ನಾನು ವಿಷಯ ತೆಗೆದೆ. ನಮ್ಮ ಹುಡುಗಿಯ ರೊಟ್ಟಿಗೆ ಎಲ್ಲರೂ ಫೋನಿನಲ್ಲಿ ಐದು ಚುಕ್ಕಿ ಒತ್ತಿ ನಾಲ್ಕು ಮಾತು ಬರೆಯಬೇಕು ಎಂದೆ.

ನಮ್ಮಲ್ಲಿ ಮುಯ್ಯಿ ಎಂಬುದಿದೆ. ನಿಮ್ಮ ಮನೆಯ ಕಾರ್ಯಕ್ಕೆ ನಾನು ಸೀರೆ ತಂದರೆ, ನನ್ನ ಮನೆಯ ಕಾರ್ಯಕ್ಕೆ ನೀವೊಂದು ತರಬೇಕು. ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಅಲ್ಲಿ ಕೂತವರಲ್ಲಿ ನಾನು ಹೋಗದ ಮದುವೆ, ನಾನು ಉಡಿ ತುಂಬದ ಬಸುರಿ ಇರಲಿಲ್ಲ. ಹಾಗಾಗಿ ಒಬ್ಬರೂ ಒಲ್ಲೆ ಎನ್ನಲಿಲ್ಲ. ಅಡುಗೆಮನೆಯಲ್ಲಿದ್ದವರನ್ನೂ ಕರೆದರು. ಬರೆಯಲು ಬಾರದ ಹಿರಿಯರು ಬಾಯಲ್ಲಿ ಹೇಳಿದರು, ಫೋನೇ ಕೇಳಿ ಬರೆದುಕೊಂಡಿತು. ತೆಗೆದುಕೊಂಡವರಿಗೆ ಮಾತ್ರ ಕೇಳಿ ಎಂದಿದ್ದ ಬಾಗಲಕೋಟೆಯವನ ಮಾತು ನನಗೆ ಆಗ ನೆನಪಾಯಿತು. ಐದು ತಿಂಗಳಿಗೆ ಮೂರು ತಂದವನ ಮಾತು ಎಂದು ತಳ್ಳಿಹಾಕಿದೆ. ಒಂದು ತಾಸಿನಲ್ಲಿ ಮೂವತ್ತೆಂಟು ಚುಕ್ಕಿಯ ಸಾಲು ಬಂದವು. ನಾನು ಎಣಿಸುತ್ತಿದ್ದೆ. ಯಾರು ಏನು ಬರೆದರೆಂದು ಓದಲಿಲ್ಲ.

ಮನೆಗೆ ಬಂದು ನಾದಿನಿಗೆ ಹೇಳಲಿಲ್ಲ. ತಾನಾಗಿ ನೋಡಿ ಬೆರಗಾಗಲಿ, ಬಾಗಲಕೋಟೆಯವನ ಕೆಲಸವೆಂದು ಅವನಿಗೇ ಹೆಸರು ಹೋದರೂ ಹೋಗಲಿ ಎಂದು ಉದಾರಿಯಾದೆ. ಸೋಮವಾರ ಅವಳು ಏನೂ ಅನ್ನಲಿಲ್ಲ. ಇನ್ನೂ ನೋಡಿಲ್ಲವೆಂದುಕೊಂಡೆ. ಮಂಗಳವಾರ ಬೆಳಗ್ಗೆ ಪೂಜೆ ಮುಗಿಸಿ ಹುಡುಕಿದರೆ ನಕ್ಷೆಯ ಮೇಲೆ ನಮ್ಮ ವ್ಯಾಪಾರವೇ ಇರಲಿಲ್ಲ. ಹೆಸರು ಒತ್ತಿದರೂ ಇಲ್ಲ. ಇದ್ದ ಜಾಗದಲ್ಲಿ ಬರಿ ರಸ್ತೆ, ಪಕ್ಕದ ಹಿಟ್ಟಿನ ಗಿರಣಿ.

ನನ್ನ ತಲೆಗೆ ಸಿಟ್ಟು ಏರಿತು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ನಮ್ಮದು ಮೇಲೆ ಬರುತ್ತಿದೆ ಎಂದು ಕಂಡ ಕೂಡಲೇ ತೆಗೆದುಹಾಕಿದ್ದಾನೆ, ಬೇರೆ ರೊಟ್ಟಿಯವರ ಜೊತೆ ಕೈಜೋಡಿಸಿದ್ದಾನೆ. ಇಲ್ಲವೆಂದರೆ ಮತ್ತೆ ಹಾಕಲು ಹೆಚ್ಚಿಗೆ ಕೇಳುವ ಹುನ್ನಾರ. ನಾದಿನಿಗೆ ಸಂತೆಗೆ ಹೋಗುತ್ತೇನೆಂದು ಹೇಳಿ ಬಾಗಲಕೋಟೆಯ ಬಸ್ಸು ಹತ್ತಿದೆ. ಎರಡು ತಾಸಿನ ದಾರಿಯಲ್ಲಿ ಅವನಿಗೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡೆ.

ಝೆರಾಕ್ಸ್ ಅಂಗಡಿಯ ಮೆಟ್ಟಿಲು ಹತ್ತಿ ಅಂದದ್ದೆಲ್ಲ ಅಂದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಒಂದೇ ಪ್ರಶ್ನೆ ಹಾಕಿದ: ಆದಿತ್ಯವಾರ ಮಧ್ಯಾಹ್ನ ನೀವೆಲ್ಲ ಒಂದೇ ಮನೆಯಲ್ಲಿ ಇದ್ದಿರಾ? ನಾನು ಹೂಂ ಎಂದೆ. ಒಂದೇ ಮನೆಯ ಇಂಟರ್ನೆಟ್ಟಿನಿಂದ ಬರೆದಿರಾ? ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಸಿಗುತ್ತಿಲ್ಲವೆಂದು ಆ ಮನೆಯವರು ತಮ್ಮ ವೈಫೈಯನ್ನೇ ಎಲ್ಲರ ಫೋನಿಗೂ ಸೇರಿಸಿಕೊಟ್ಟಿದ್ದರು ಎಂದೆ. ಅವನು ಕುರ್ಚಿಗೆ ಒರಗಿ ಕೂತ.

"ಐದ್ ತಿಂಗಳದಾಗ ಮೂರ ಮಂದಿ ಬರದಿದ್ರು. ಒಂದ ತಾಸಿನ್ಯಾಗ, ಒಂದ ಮನಿಯಿಂದ ಮೂವತ್ತೆಂಟು ಬಂದ್ರ ಆ ಯಂತ್ರಕ್ಕ ಸಂಶಯ ಬರಂಗಿಲ್ಲೇನ್ರಿ? ಅದೂ ನಿಮ್ಹಂಗ ಅಕ್ಕಾರ. ಯಾರನ್ನೂ ನಂಬಂಗಿಲ್ಲ."

ಅವನು ಕುಹಕದಿಂದ ಹೇಳಲಿಲ್ಲ, ಹಾಗಾಗಿ ಸಿಟ್ಟು ಮಾಡಲೂ ನನಗೆ ದಾರಿ ಇರಲಿಲ್ಲ. ಪ್ರತಿ ಸೋಮವಾರ ಅವನು ತನ್ನ ಗಿರಾಕಿಗಳ ಪುಟಗಳನ್ನು ಚಿತ್ರ ತೆಗೆದು ಇಟ್ಟುಕೊಳ್ಳುತ್ತಾನೆ. ಆ ಸೋಮವಾರದ್ದನ್ನು ಪರದೆಯ ಮೇಲೆ ತೆರೆದು ನನ್ನ ಕಡೆ ತಿರುಗಿಸಿದ. ಹೊಸದಾಗಿ ಬರೆದವರದೇ ಮೇಲೆ ಇತ್ತು. ಪುಣೆಯವಳ ಮಾತು ಎಲ್ಲೋ ಕೆಳಗೆ ಹೂತುಹೋಗಿ ಚಿತ್ರದಲ್ಲಿ ಬಂದೇ ಇರಲಿಲ್ಲ. ನಮ್ಮವರು ಬರೆದದ್ದನ್ನು ನಾನು ಆಗಲೇ ಮೊದಲ ಸಲ ಓದಿದ್ದು. ರೊಟ್ಟಿ ಸೂಪರ್. ನಮ್ಮ ಮನೆ ಮಗಳ ರೊಟ್ಟಿ, ಬಹಳ ರುಚಿ. ಎಲ್ಲರೂ ಸಹಾಯ ಮಾಡಿ. ಎಲ್ಲಕ್ಕಿಂತ ಮೇಲೆ ನಮ್ಮ ಹಿರಿಯ ಸೋದರತ್ತೆ ಬಾಯಲ್ಲಿ ಹೇಳಿ ಬರೆಸಿದ್ದಿತ್ತು.

ನಮ್ಮ ಹುಡುಗಿ, ಗಂಡನ ಮನಿ ಬಿಟ್ಟು ಬಂದಾಳ ಪಾಪ, ರೊಟ್ಟಿ ಹೆಂಗರ ಇರಲಿ, ಎಲ್ಲಾರೂ ತಗೊಂಡು ಅಕಿಗೊಂದು ದಾರಿ ಮಾಡಿಕೊಡ್ರಿ.

ಅದರ ಪಕ್ಕ ಐದು ಚುಕ್ಕಿ.

ಅವನು ನೀರು ಕೊಟ್ಟ. ನಕ್ಷೆಯ ಕಂಪನಿಗೆ ಒಂದು ಮನವಿ ಕಳಿಸಬಹುದು, ನಡೆದದ್ದನ್ನು ಇದ್ದ ಹಾಗೆ ಬರೆಯಬೇಕು, ಒಪ್ಪಬಹುದು, ಒಪ್ಪದೆಯೂ ಇರಬಹುದು ಎಂದ. ಆಗಲೂ ಖಾತ್ರಿ ಕೊಡಲಿಲ್ಲ. ಐದು ತಿಂಗಳಲ್ಲಿ ಆ ಮನುಷ್ಯ ನನಗೆ ಒಂದೇ ಒಂದು ಸುಳ್ಳು ಹೇಳಿರಲಿಲ್ಲ, ನಾನು ಅವನನ್ನು ಪರೀಕ್ಷಿಸದ ದಿನವಿರಲಿಲ್ಲ. ತಪ್ಪಾಯಿತು ಎಂದು ಹೇಳಬೇಕೆಂದುಕೊಂಡೆ. ಬರ್ತೇನಿ ಎಂದಷ್ಟೇ ಹೇಳಿ ಎದ್ದೆ.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮನವಿಯನ್ನು ಒಪ್ಪಿದರು. ಕೆಲವು ವಾರಗಳ ಮೇಲೆ ನಕ್ಷೆಯಲ್ಲಿ ವ್ಯಾಪಾರ ಮತ್ತೆ ಕಾಣಿಸಿತು, ಚುಕ್ಕಿ ಒಂದೂ ಇಲ್ಲದೆ. ನಮ್ಮವರ ಮೂವತ್ತೆಂಟರ ಜೊತೆಗೆ ಆ ಮೂರೂ ಹೋಗಿದ್ದವು. ಪುಣೆಯವಳಿಗೆ ಮತ್ತೊಮ್ಮೆ ಬರೆಯಲು ಕೇಳು ಎಂದೆ. ಒಮ್ಮೆ ಮನಸ್ಸಿನಿಂದ ಬರೆದವರಿಗೆ ಇನ್ನೊಮ್ಮೆ ಬರೆಯಿರಿ ಎಂದು ಹೇಗೆ ಹೇಳಲಿ ಎಂದಳು ನಾದಿನಿ. ಕೇಳಲಿಲ್ಲ. ಒಂಬತ್ತನೇ ತಿಂಗಳಿನಿಂದ ವಾರಕ್ಕೆ ಇಬ್ಬರು ಮೂವರು ವಿಚಾರಿಸತೊಡಗಿದರು. ಕೆಲವು ವಾರ ಯಾರೂ ಇಲ್ಲ. ಮಳೆಗಾಲದಲ್ಲಿ ಮೆತ್ತಗಾಗುತ್ತದೆ ಎಂದು ಅವಳು ಬರೆದಿದ್ದಳಲ್ಲ, ಅದನ್ನು ಓದಿ ನಂಬಿಕೆ ಬಂತೆಂದು ಫೋನು ಮಾಡಿದವರೇ ಹೆಚ್ಚು. ಇತ್ತೀಚೆಗೆ ಒಬ್ಬರು ಮೂರೇ ಚುಕ್ಕಿ ಒತ್ತಿ, ಎರಡು ರೊಟ್ಟಿ ಮುರಿದಿದ್ದವು ಎಂದು ಬರೆದರು. ಇದು ಯಾರೋ ಹೊಟ್ಟೆಕಿಚ್ಚಿನವರ ಕೆಲಸವೆಂದು ನನಗೆ ಅನ್ನಿಸಿತು. ನಾದಿನಿ ಪೆಟ್ಟಿಗೆಗೆ ಇನ್ನೊಂದು ಪದರ ರಟ್ಟು ಹಾಕಿಸಿದಳು. ಅವಳ ವರ್ಷ ಮುಗಿಯಲು ಇನ್ನೂ ಸ್ವಲ್ಪ ದಿನವಿದೆ. ಎರಡು ಕೋಣೆಯ ಮನೆಯೊಂದನ್ನು ನೋಡಿ ಬಂದಿದ್ದಾಳೆಂದು ಜೊತೆಯ ಹೆಂಗಸರಿಂದ ಕೇಳಿದೆ. ನನಗೆ ಹೇಳಿಲ್ಲ.

ನಾನು ಹೇಳಬೇಕಾದದ್ದು ಆ ಮಂಗಳವಾರದ್ದು. ಬಾಗಲಕೋಟೆಯಿಂದ ಬಂದು ಬಸ್ಸಿಳಿದು ಮನೆ ಸೇರಿದಾಗ ನಾಲ್ಕು ಗಂಟೆ. ನಾದಿನಿ ಒಬ್ಬಳೇ ಹಂಚಿನ ಮುಂದಿದ್ದಳು. ನಾನು ನಿಂತೇ ಎಲ್ಲ ಹೇಳಿದೆ. ಕುಬಸದ್ದು, ಮೂವತ್ತೆಂಟು ಜನರದ್ದು, ಪುಟ ಹೋದದ್ದು. ಸೋದರತ್ತೆ ಬರೆಸಿದ್ದನ್ನು ಮಾತ್ರ ಹೇಳಲು ಆಗಲಿಲ್ಲ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಡಿದದ್ದನ್ನು ಎತ್ತಿ ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆ ಸವರಿ, ಆಮೇಲೆ ಹೇಳಿದಳು.

"ಸೋಮವಾರ ಮುಂಜಾನೆನ ಓದೇನಿ ವೈನಿ. ಎಲ್ಲಾ ಓದೇನಿ."

ನಾನು ಅಲ್ಲೇ ಗೋಡೆಗೆ ಆತು ಕೂತೆ. ನಿನ್ನ ಒಳ್ಳೆಯದಕ್ಕೇ ಮಾಡಿದೆ, ಆ ಮನುಷ್ಯನ ಮೇಲೆ ನನಗೆ ಭರವಸೆ ಇರಲಿಲ್ಲ, ಅವನು ನಿನ್ನನ್ನು ಮುಳುಗಿಸುತ್ತಾನೆಂದು ಹೆದರಿದ್ದೆ ಎಂದು ಏನೇನೋ ಹೇಳಿದೆ. ಅವಳು ರೊಟ್ಟಿ ಮಗುಚಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಮಗ ಅವನ ಮ್ಯಾಲ ಸಂಶಯ ಇದ್ದಿಲ್ಲ. ನನ್ನ ರೊಟ್ಟಿ ಮ್ಯಾಲ ಇತ್ತು. ಗುರ್ತ ಇಲ್ಲದವರು ಇದನ್ನ ತಗೋತಾರು ಅಂತ ನಿಮಗ ಒಂದ ದಿನಾನೂ ಅನ್ನಿಸಲಿಲ್ಲ."

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಹೌದಾಗಿತ್ತು. ಅವಳಿಗೆ ನೂರು ಸಲ ನಿನ್ನ ರೊಟ್ಟಿ ಛಲೋ ಎಂದಿದ್ದೇನೆ, ಹಾಗನ್ನುವಾಗೆಲ್ಲ ಒಳಗೆ 'ಪಾಪ' ಎಂಬುದೂ ಇತ್ತು. ಬಳಗದವರು ಅದನ್ನು ಗಟ್ಟಿಯಾಗಿ ಅನ್ನುತ್ತಿದ್ದರು, ನಾನು ಅನ್ನುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮನವಿ ಕಳಿಸಬೇಕಂತೆ ಎಂದೆ. ಬರೆಯಿರಿ ಎಂದಳು. ಅವಳ ಫೋನಿನಲ್ಲೇ, ಬಾಗಲಕೋಟೆಯವನು ತೋರಿಸಿಕೊಟ್ಟಿದ್ದ ಜಾಗದಲ್ಲಿ ನಾನು ಬರೆದೆ. ಆದಿತ್ಯವಾರ ಚುಕ್ಕಿ ಒತ್ತಿ ಬರೆದ ಮೂವತ್ತೆಂಟು ಜನ ನನ್ನ ಸಂಬಂಧಿಕರು, ಅವರಿಂದ ನಾನೇ ಬರೆಸಿದೆ, ರೊಟ್ಟಿ ಮಾಡುವವರಿಗೆ ಇದು ಗೊತ್ತಿರಲಿಲ್ಲ. ಕೊನೆಯಲ್ಲಿ, ಈ ವ್ಯಾಪಾರಕ್ಕೂ ನಿಮಗೂ ಏನು ಸಂಬಂಧ ಎಂಬ ಪ್ರಶ್ನೆ ಇತ್ತು. 'ಮಾಲೀಕರು' ಎಂದು ಬರೆದೆ. ಕೈ ತಾನಾಗಿ ಹೋಗಿ ಬರೆದದ್ದು. ನಮ್ಮ ಹಿತ್ತಲು, ನಮ್ಮ ಚಪ್ಪರ ಎಂಬುದು ತಲೆಯಲ್ಲಿತ್ತೋ ಏನೋ.

ಓದಿ ನೋಡು ಎಂದು ಅವಳ ಮುಂದೆ ಹಿಡಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡು ಮೊದಲಿನಿಂದ ನಿಧಾನವಾಗಿ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು. 'ಮಾಲೀಕರು' ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಅದರ ಜಾಗದಲ್ಲಿ ತಾನೇ ಬರೆದು ಫೋನನ್ನು ನನ್ನ ಕೈಗೆ ಕೊಟ್ಟಳು.

'ಬಳಗದವರು' ಎಂದಿತ್ತು. ನಾನು ಕಳಿಸಿದೆ.